ಲಿವರ್ ಕೋವಿಯ ತೋಟೆಗೆ ಮೂತಿ ಚಪ್ಪಟೆಯಾಗಿರಬೇಕು

ಕಳೆದ ಅಕ್ಟೋಬರ್ ತಿಂಗಳ ಒಂದು ರಾತ್ರಿ, ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಮೂಡಲ ಬದಿಯಲ್ಲಿರುವ ನಮ್ಮ ದೊಡ್ಡಪ್ಪನ ಮನೆಯ ಜಗಲಿಯಲ್ಲಿ ಅಣ್ಣನು ಕೋವಿಯಿಂದ ತೋಟೆಗಳನ್ನು ಒಂದೊಂದಾಗಿ ಹೊರತೆಗೆದು ಬೈರಾಸಿನ ಮೇಲೆ ಸಾಲಾಗಿ ಇಡುತ್ತಿದ್ದನು. ಪಂಚಾಯತಿನ ಅನುಮತಿಯಂತೆ ಕಾಡುಹಂದಿಗೆ ಕಾದು ಕುಳಿತು, ಒಂದೇ ಒಂದು ಈಡು ಹೊಡೆದು ಮರಳಿದ್ದನು. ಐದು ತುಂಬಿಸಿದ್ದರಲ್ಲಿ ನಾಲ್ಕು ಉಳಿದಿದ್ದವು. ನಾನು ಐಟಿಐಯಲ್ಲಿ ಫಿಟ್ಟರ್ ಪಾಠ ಹೇಳುವವನಾದುದರಿಂದ ಲೋಹದ ವಸ್ತು ಕಣ್ಣೆದುರಿಗೆ ಬಂದರೆ ಅದರ ಮೈಯನ್ನು ನೋಡದೆ ಬಿಡುವ ಅಭ್ಯಾಸವಿಲ್ಲ. ಮೊದಲು ಹೊರಬಂದ ತೋಟೆಯ ಹಿಂಭಾಗದ ಕೇಪು, ಅಂದರೆ ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು, ಕನ್ನಡಿಯಂತೆ ನುಣುಪಾಗಿತ್ತು. ಎರಡನೆಯ ಮತ್ತು ಮೂರನೆಯ ತೋಟೆಗಳ ಕೇಪಿನ ಮೇಲೆ, ನಡುವಿನಿಂದ ಕೂದಲೆಳೆಯಷ್ಟು ಪಕ್ಕಕ್ಕೆ, ಸೂಜಿಯ ಮೊನೆಯಿಂದ ಒತ್ತಿದ ಹಾಗೆ ಒಂದೊಂದು ಗುಳಿ ಬಿದ್ದಿತ್ತು. ಭೂತಗನ್ನಡಿ ತಂದು ನೋಡಿದೆನು. ಗುಳಿಯ ಅಂಚಿಗೆ ತಾಮ್ರದ ಬಣ್ಣದ ಗೀರು ಅಂಟಿಕೊಂಡಿತ್ತು. ಆ ಗೀರು ಎಲ್ಲಿಂದ ಬಂತೆಂದು ಹುಡುಕಲು ಹೋಗಬೇಕಾಗಿರಲಿಲ್ಲ, ಏಕೆಂದರೆ ಬೈರಾಸಿನ ಮೇಲೆ ಮಲಗಿದ್ದ ನಾಲ್ಕೂ ತೋಟೆಗಳ ಗುಂಡುಗಳು ತಾಮ್ರದ ಹೊದಿಕೆಯವು, ಕೊರೆದ ಪೆನ್ಸಿಲಿನಂತೆ ಮೊನಚಾಗಿದ್ದವು.

ಆ ರಾತ್ರಿ ಯಾರಿಗೂ ಏನೂ ಆಗಲಿಲ್ಲ. ಆದರೂ ನನಗೆ ಬೆಳಗಿನ ತನಕ ನಿದ್ದೆ ಬರಲಿಲ್ಲ. ಇಂತಹ ಕೋವಿಯನ್ನು ಅಜ್ಜನಿಂದಲೋ ಮಾವನಿಂದಲೋ ಪಡೆದು, ವರ್ಷಕ್ಕೊಮ್ಮೆ ಎಣ್ಣೆ ಹಚ್ಚಿ ಇಟ್ಟುಕೊಂಡಿರುವ ಮನೆಗಳು ನಮ್ಮ ಸೀಮೆಯಲ್ಲಿಯೂ ಮೇಲಿನ ಕೊಡಗಿನಲ್ಲಿಯೂ ಇವೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕೋವಿಯ ವಿಷಯವನ್ನು ಮೊದಲು ಹೇಳುತ್ತೇನೆ. ಇದು ವಿಂಚೆಸ್ಟರ್ ಕಂಪೆನಿಯ 1894ರ ಮಾದರಿಯ ಲಿವರ್ ರೈಫಲ್. ಜಾನ್ ಬ್ರೌನಿಂಗ್ ಎಂಬ ಅಮೆರಿಕದ ಕೋವಿ ಶಿಲ್ಪಿ ರೂಪಿಸಿದ ಈ ಮಾದರಿಗೆ .30-30 ಎಂಬ ತೋಟೆ 1895ರಲ್ಲಿ ಬಂದಿತು. ಹೆಸರಿನ ಮೊದಲ 30 ಗುಂಡಿನ ಅಳತೆಯನ್ನೂ (ಇಂಚಿನ ನೂರರಲ್ಲಿ 30 ಭಾಗ) ಎರಡನೆಯ 30 ಅಂದಿನ ಹೊಗೆರಹಿತ ಮದ್ದಿನ ಗ್ರೇನ್ ತೂಕವನ್ನೂ (ಒಂದು ಗ್ರೇನ್ ಸುಮಾರು 0.065 ಗ್ರಾಂ) ಸೂಚಿಸುತ್ತದೆ. ನಮ್ಮ ಅಜ್ಜನು ಇದನ್ನು ಕೊಡಗಿನಿಂದ ಊರಿಗೆ ಹೊರಟು ನಿಂತಿದ್ದ ಒಬ್ಬ ಪ್ಲಾಂಟರನಿಂದ ಕೊಂಡಿದ್ದನು. ಅಜ್ಜನ ಕಾಲದಿಂದ ಮನೆಯಲ್ಲಿರುವ ಲೈಸೆನ್ಸ್ ಕಾಗದಗಳನ್ನು ಜೋಡಿಸಿ ಇಟ್ಟರೆ ಗಡಿನಾಡಿನ ಚರಿತ್ರೆಯೇ ಅದರಲ್ಲಿದೆ. ಮೊದಲಿನವುಗಳ ಮೇಲೆ ಮಂಗಳೂರಿನ ಕಲೆಕ್ಟರರ ಮೊಹರು, 1957ರಿಂದ ಕಣ್ಣೂರಿನದು, 1984ರಲ್ಲಿ ಕಾಸರಗೋಡು ಜಿಲ್ಲೆಯಾದ ಮೇಲೆ ಇಲ್ಲಿನದೇ. ಮೂರು ಜಿಲ್ಲೆಗಳ ಮೊಹರು ಬಿದ್ದರೂ ಕೋವಿ ಮಾತ್ರ ಅದೇ ಮನೆಯ ಅದೇ ಕಪಾಟಿನಲ್ಲಿ ಇದ್ದಿತು.

ನಮ್ಮ ಕಡೆ ಹೆಚ್ಚಿನವರಿಗೆ ಪರಿಚಯವಿರುವುದು ಒಂಟಿ ನಳಿಗೆ ಅಥವಾ ಜೋಡು ನಳಿಗೆಯ ಕೋವಿ. ಅದರಲ್ಲಿ ತೋಟೆಯನ್ನು ನೇರವಾಗಿ ನಳಿಗೆಗೇ ಹಾಕುತ್ತೇವೆ. ಒಂದು ತೋಟೆಗೂ ಇನ್ನೊಂದಕ್ಕೂ ಸಂಬಂಧವೇ ಇರುವುದಿಲ್ಲ. ಲಿವರ್ ಕೋವಿಯಲ್ಲಿ ಹಾಗಲ್ಲ. ನಳಿಗೆಯ ಅಡಿಯಲ್ಲಿ ಅದರಷ್ಟೇ ಉದ್ದಕ್ಕೆ ಇನ್ನೊಂದು ತೆಳುವಾದ ಕೊಳವೆಯಿದೆ. ಬಲಬದಿಯ ಸಣ್ಣ ಬಾಗಿಲಿನಿಂದ ತೋಟೆಗಳನ್ನು ಒಂದರ ಹಿಂದೆ ಒಂದರಂತೆ ಆ ಕೊಳವೆಗೆ ನೂಕಬೇಕು. ಕೊಳವೆಯ ಮುಂದಿನ ತುದಿಯಲ್ಲಿರುವ ಸ್ಪ್ರಿಂಗ್ ಅವುಗಳನ್ನು ಹಿಂದಕ್ಕೆ ಒತ್ತಿ ಹಿಡಿದಿರುತ್ತದೆ. ಕೈಹಿಡಿಯ ಕೆಳಗಿನ ಲಿವರನ್ನು ಕೆಳಗಿಳಿಸಿ ಮೇಲೆತ್ತಿದಾಗ ಖಾಲಿ ಕೇಸು (ತೋಟೆಯ ಹಿತ್ತಾಳೆಯ ಕವಚ) ಹೊರಬಿದ್ದು, ಹೊಸ ತೋಟೆಯೊಂದು ಮೇಲೇರಿ ನಳಿಗೆಯ ಬಾಯಿಗೆ ಸೇರುತ್ತದೆ. ಯಂತ್ರವಾಗಿ ನೋಡಿದರೆ ಇದು ಬಹಳ ಸೊಗಸಾದ ರಚನೆ. ಆದರೆ ಕೊಳವೆಯೊಳಗೆ ತೋಟೆಗಳು ಹೇಗೆ ಮಲಗಿರುತ್ತವೆ ಎಂಬುದನ್ನು ಮನಸ್ಸಿನಲ್ಲಿಯೇ ಚಿತ್ರಿಸಿಕೊಳ್ಳಬೇಕು. ಇರುವೆಗಳ ಸಾಲಿನಂತೆ, ಹಿಂದಿನದರ ಮೂತಿ ಮುಂದಿನದರ ಬೆನ್ನಿಗೆ ತಾಗಿಕೊಂಡೇ ಇರುತ್ತದೆ. ಆ ಬೆನ್ನಿನ ನಟ್ಟನಡುವೆ ಇರುವುದು ಕೇಪು.

ಕೇಪು ಎಂದರೆ ಮೆತ್ತನೆಯ ಲೋಹದ ಒಂದು ಪುಟ್ಟ ಬಟ್ಟಲು. ಅದರೊಳಗೆ ಪೆಟ್ಟು ಬಿದ್ದರೆ ಸಿಡಿಯುವ ಲೇಪವೂ, ಆ ಲೇಪಕ್ಕೆ ಆಸರೆಯಾಗಿ ಅಡಿಗಲ್ಲಿನಂತಹ ಒಂದು ಸಣ್ಣ ತುಂಡೂ ಇರುತ್ತವೆ. ಕೋವಿಯ ಕುದುರೆ, ಅಂದರೆ ಸುತ್ತಿಗೆಯಂತಹ ಭಾಗ, ಬಿದ್ದಾಗ ಮೊಳೆಯಂತಹ ಕಡ್ಡಿಯು ಬಟ್ಟಲನ್ನು ಒಳಕ್ಕೆ ತಗ್ಗಿಸುತ್ತದೆ, ಲೇಪವು ಎರಡರ ನಡುವೆ ಅರೆದು ಸಿಡಿಯುತ್ತದೆ, ಕಿಡಿಯು ಮದ್ದಿಗೆ ತಗಲುತ್ತದೆ. ಆ ಬಟ್ಟಲನ್ನು ತಗ್ಗಿಸಿದ್ದು ಕುದುರೆಯ ಕಡ್ಡಿಯೋ ಹಿಂದಿನ ತೋಟೆಯ ಮೊನಚು ಗುಂಡೋ ಎಂಬ ಭೇದವು ಕೇಪಿಗೆ ತಿಳಿಯುವುದಿಲ್ಲ.

ಈಡು ಹಾರಿದಾಗ ಕೋವಿಯು ಹಿಂದಕ್ಕೆ ಒದೆಯುತ್ತದೆ. ಕೊಳವೆಯೊಳಗಿನ ತೋಟೆಗಳು ಜಡತ್ವದಿಂದ ಇದ್ದಲ್ಲಿಯೇ ಉಳಿಯಲು ನೋಡುವುದರಿಂದ, ಕೋವಿಯ ಲೆಕ್ಕದಲ್ಲಿ ಅವು ಮುಂದಕ್ಕೆ ಸರಿದು ಸ್ಪ್ರಿಂಗನ್ನು ಒತ್ತುತ್ತವೆ. ಕೋವಿ ಹೆಗಲಿಗೆ ತಾಗಿ ನಿಂತ ಕೂಡಲೇ ಸ್ಪ್ರಿಂಗ್ ಅವನ್ನು ಹಿಂದಕ್ಕೆ ತಳ್ಳುತ್ತದೆ. ಇಡೀ ಸಾಲು ರೈಲಿನ ಬೋಗಿಗಳಂತೆ ಒಂದಕ್ಕೊಂದು ಬಡಿಯುತ್ತದೆ. ಪ್ರತಿ ಈಡಿಗೂ ಹೀಗೆಯೇ ಆಗುತ್ತದೆ. ಸಾಲಿನ ಕಟ್ಟಕಡೆಯ ತೋಟೆಯ ಹಿಂದೆ ಯಾವ ಮೂತಿಯೂ ಇಲ್ಲದಿರುವುದರಿಂದ ಅದರ ಕೇಪಿಗೆ ಏನೂ ಆಗುವುದಿಲ್ಲ. ಈಡಿನ ನಂತರ ಲಿವರ್ ಎಳೆದಾಗ ನಳಿಗೆಗೆ ಸೇರುವುದೂ, ಖಾಲಿ ಮಾಡುವಾಗ ಮೊದಲು ಹೊರಬರುವುದೂ ಅದೇ. ಅಂದು ಜಗಲಿಯಲ್ಲಿ ಮೊದಲ ತೋಟೆಯ ಕೇಪು ನುಣುಪಾಗಿದ್ದುದಕ್ಕೂ ಅದರ ನಂತರದ ಎರಡರಲ್ಲಿ ಗುಳಿಯಿದ್ದುದಕ್ಕೂ ಕಾರಣ ಇಷ್ಟೇ.

ಮೊನಚು ಗುಂಡು ತುಂಬಿದ ಮಾತ್ರಕ್ಕೆ ಕೊಳವೆ ಸಿಡಿದೇಬಿಡುತ್ತದೆ ಎಂದು ನಾನು ಹೇಳುವುದಿಲ್ಲ. ಎಷ್ಟೋ ಬಾರಿ ಏನೂ ಆಗುವುದಿಲ್ಲ. ಅಂದು ನಮಗೂ ಆಗಲಿಲ್ಲ. ಆದರೆ ಆದ ಪಕ್ಷದಲ್ಲಿ ಏನಾಗುತ್ತದೆ ಎಂಬುದನ್ನು ನೋಡಿ ನಿರ್ಧರಿಸಬೇಕು. ನಳಿಗೆಯ ಬುಡದಲ್ಲಿ ಸಿಡಿಯುವ ತೋಟೆಗೆ ಸುತ್ತಲೂ ದಪ್ಪ ಉಕ್ಕಿನ ಗೋಡೆಯಿದೆ. ಕೊಳವೆಯು ತೆಳು ತಗಡು; ಅಲ್ಲಿ ಸಿಡಿದರೆ ಹಿತ್ತಾಳೆಯ ಕೇಸು ಹರಿದು ಚೂರಾಗುತ್ತದೆ, ಕೊಳವೆ ಉಬ್ಬಿ ಬಿರಿಯುತ್ತದೆ, ಒಂದರ ಪೆಟ್ಟು ಮುಂದಿನದನ್ನೂ ಸಿಡಿಸಬಹುದು. ಗುರಿ ಹಿಡಿದವನ ಎಡಗೈ ಇರುವುದು ಸರಿಯಾಗಿ ಆ ಕೊಳವೆಯ ಕೆಳಗೆ. ಅಡಿಕೆ ಮರ ಹತ್ತುವ, ಹಾಲು ಕರೆಯುವ, ತೋಟದ ಸಕಲ ಕೆಲಸವನ್ನೂ ಮಾಡುವ ಕೈ ಅದು.

ಈ ಅಪಾಯವು ಇಂದು ಕಂಡುಹಿಡಿದದ್ದಲ್ಲ. 1860ರಲ್ಲಿ ಪೇಟೆಂಟ್ ಆದ ಹೆನ್ರಿ ರೈಫಲ್ಲಿನ ತೋಟೆಯಲ್ಲಿ ಸಿಡಿಯುವ ಲೇಪವು ಹಿಂಭಾಗದ ಅಂಚಿನೊಳಗೆ ಇದ್ದಿತು. ನಡುವೆ ಏನೂ ಇಲ್ಲದ್ದರಿಂದ ಮೂತಿ ತಾಗಿದರೂ ಭಯವಿರಲಿಲ್ಲ. ಇಂದಿನ .22 ತೋಟೆಯೂ ಅದೇ ಜಾತಿಯದು. ಆದುದರಿಂದಲೇ .22ರ ಕೊಳವೆ ರೈಫಲ್ಲಿಗೆ ದುಂಡು ಮೂತಿಯ ಗುಂಡು ತುಂಬಿದರೆ ಅಡ್ಡಿಯಿಲ್ಲ. 1873ರ ವಿಂಚೆಸ್ಟರ್ ಬಂದಾಗ ಅದರ .44-40 ತೋಟೆಯ ಕೇಪು ನಡುವಿಗೆ ಬಂದಿತು, ಅದರೊಂದಿಗೆ ಗುಂಡಿನ ಮೂತಿಯೂ ಚಪ್ಪಟೆಯಾಯಿತು. ಫ್ರೆಂಚ್ ಸೈನ್ಯದ 1886ರ ಲೆಬೆಲ್ ರೈಫಲ್ಲಿಗೂ ಎಂಟು ತೋಟೆ ಹಿಡಿಯುವ ಕೊಳವೆಯಿತ್ತು. 1898ರಲ್ಲಿ ಅವರು ದೂರ ಹಾರುವ ಮೊನಚು ಗುಂಡಿಗೆ ಬದಲಾಯಿಸಿದಾಗ, ತೋಟೆಯ ಬೆನ್ನಿನಲ್ಲಿ ಕೇಪಿನ ಸುತ್ತ ಒಂದು ವೃತ್ತಾಕಾರದ ಕಾಲುವೆಯನ್ನು ಕೊರೆದು, ಹಿಂದಿನ ಗುಂಡಿನ ಮೊನೆಯು ಕೇಪಿನ ಮೇಲೆ ಕೂರದೆ ಆ ಕಾಲುವೆಯಲ್ಲಿ ಕೂರುವಂತೆ ಮಾಡಬೇಕಾಯಿತು. ಬ್ರೌನಿಂಗನು ವಿಂಚೆಸ್ಟರಿನ 1895ರ ಮಾದರಿಯಲ್ಲಿ ಕೊಳವೆಯನ್ನೇ ಬಿಟ್ಟು, ತೋಟೆಗಳು ಒಂದರ ಮೇಲೊಂದು ಕೂರುವ ಪೆಟ್ಟಿಗೆಯನ್ನು ಇಟ್ಟನು. ಲಿವರ್ ಇದ್ದ ಮಾತ್ರಕ್ಕೆ ಕೊಳವೆ ಇದೆಯೆಂದಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಹಳೆಯ ಕೋವಿ ಕೈಗೆ ಬಂದವರು ಮೊದಲು ತಮ್ಮದರಲ್ಲಿರುವುದು ಕೊಳವೆಯೋ ಪೆಟ್ಟಿಗೆಯೋ ಎಂಬುದನ್ನು ನೋಡಿಕೊಳ್ಳಬೇಕು.

ಹಾಗಾದರೆ ನಮ್ಮ ಮನೆಗೆ ಮೊನಚು ತೋಟೆ ಬಂದುದು ಹೇಗೆ? .30-30 ತೋಟೆಯು ಲಿವರ್ ಕೋವಿಗೆ ಮಾತ್ರ ಸೀಮಿತವಲ್ಲ. ಸಾವೇಜ್ ಕಂಪೆನಿಯ 340 ಎಂಬ ಬೋಲ್ಟ್ ರೈಫಲ್ ಅದೇ ತೋಟೆಯನ್ನು ಪೆಟ್ಟಿಗೆಯಿಂದ ನುಂಗುತ್ತದೆ, ಅದರಲ್ಲಿ ಮೊನಚು ಗುಂಡು ಹಾಕಿದರೆ ದೋಷವಿಲ್ಲ. ಅಂತಹದೊಂದು ಕೋವಿಗಾಗಿ ಯಾರೋ ತುಂಬಿಸಿಟ್ಟ 20 ತೋಟೆಗಳು ಒಂದು ಅಂಗಡಿಯ ಮೂಲಕ ಲೈಸೆನ್ಸಿನ ಲೆಕ್ಕದಲ್ಲಿಯೇ ಅಣ್ಣನ ಕೈಗೆ ಬಂದಿದ್ದವು. ಅಳತೆ ಸರಿಯಿತ್ತು, ಬೆನ್ನಿನ ಮೇಲೆ ಕೊರೆದ ಅಕ್ಷರ ಸರಿಯಿತ್ತು, ನಳಿಗೆಯ ಮೇಲಿನ ಬರಹಕ್ಕೂ ಹೊಂದುತ್ತಿತ್ತು. ಮೂತಿಯ ಬಗ್ಗೆ ಅಂಗಡಿಯವನೂ ಹೇಳಲಿಲ್ಲ, ಅಣ್ಣನೂ ಕೇಳಲಿಲ್ಲ. ನನಗೆ ಇಂದಿಗೂ ನೋವಾಗುವುದು ಇದೇ ವಿಷಯಕ್ಕೆ. ಕೋವಿ ಯಾವುದು ಎಂಬ ಒಂದು ಪ್ರಶ್ನೆಯನ್ನು ಮಾರುವವನು ಕೇಳಿದ್ದರೆ ಸಾಕಾಗಿತ್ತು.

ಪೊಟ್ಟಣದ ಮೇಲಿನ ಶಬ್ದಗಳೂ ದಾರಿ ತಪ್ಪಿಸುತ್ತವೆ. ಸಾಫ್ಟ್ ಪಾಯಿಂಟ್ ಎಂದು ಬರೆದಿದ್ದರೆ ಅದು ಮೊನಚಾಗಿದೆ ಎಂದು ಅರ್ಥವಲ್ಲ; ಗುಂಡಿನ ತುದಿಯಲ್ಲಿ ಹೊದಿಕೆಯಿಲ್ಲದೆ ಮೆತ್ತನೆಯ ಸೀಸ ಕಾಣುತ್ತದೆ ಎಂದಷ್ಟೇ ಅರ್ಥ. ಆ ಸೀಸದ ತುದಿಯು ಚಪ್ಪಟೆಯೂ ಇರಬಹುದು, ಚೂಪಾಗಿಯೂ ಇರಬಹುದು. ಸ್ಪಿಟ್ಜರ್ ಎಂದಿದ್ದರೆ ಮೊನಚು, ಅದು ಕೊಳವೆಗೆ ಬೇಡ. ಫ್ಲ್ಯಾಟ್ ನೋಸ್ ಎಂದಿದ್ದರೆ ಚಪ್ಪಟೆ, ಅದು ಬೇಕಾದದ್ದು. .30-30ಕ್ಕೆ ಹೆಸರಾಂತ ಕಾರ್ಖಾನೆಗಳು ತಯಾರಿಸುವ 150 ಮತ್ತು 170 ಗ್ರೇನಿನ, ಅಂದರೆ ಸುಮಾರು 9.7 ಮತ್ತು 11 ಗ್ರಾಂ ತೂಕದ ಸಾಂಪ್ರದಾಯಿಕ ಗುಂಡುಗಳು ಚಪ್ಪಟೆ ಮೂತಿಯವು ಅಥವಾ ಅಗಲವಾದ ಮೊಂಡು ಮೂತಿಯವು. ಆದರೂ ಅಕ್ಷರವನ್ನು ನಂಬಿ ಕೊಳವೆಗೆ ತುಂಬಬಾರದು. ತೋಟೆಯನ್ನು ಹೊರತೆಗೆದು ಮೂತಿಯನ್ನು ಕಣ್ಣಾರೆ ನೋಡಬೇಕು. ದೊಡ್ಡ ರೈಫಲ್ ಕೇಪಿನ ವ್ಯಾಸ ಸುಮಾರು 5.3 ಮಿಲಿಮೀಟರ್. ಗುಂಡಿನ ಚಪ್ಪಟೆ ಮುಖವು ಅಗಲವಾದಷ್ಟೂ ಅದರ ಭಾರ ಕೇಪಿನ ಒಂದೇ ಬಿಂದುವಿನ ಮೇಲೆ ಬೀಳದೆ ಹರಡಿಕೊಳ್ಳುತ್ತದೆ. ನಾನು ಮಾಡುವ ಸರಳ ಪರೀಕ್ಷೆಯೆಂದರೆ, ಮೂತಿಯ ಮೇಲೆ ಹೆಬ್ಬೆರಳ ತುದಿಯನ್ನು ಮೆಲ್ಲನೆ ಇಡುವುದು. ಬೆರಳಿಗೆ ಉಂಗುರದಂತಹ ಗುರುತು ಬಿದ್ದರೆ ಒಳ್ಳೆಯದು, ಚುಕ್ಕೆಯಂತಹ ಗುರುತು ಬಿದ್ದರೆ ಆ ತೋಟೆಯು ಪೊಟ್ಟಣಕ್ಕೆ ಮರಳಬೇಕು. ಇವೆರಡರ ನಡುವಿನ ಕಿರಿದಾದ ದುಂಡು ಮೂತಿಯ ಬಗ್ಗೆ ವಾದಗಳಿವೆ. ತಯಾರಕರೇ ಕೊಳವೆಗೆ ಸೂಕ್ತವೆಂದು ಹೇಳಿದ್ದರ ಹೊರತು ಅದನ್ನೂ ತುಂಬಬಾರದೆಂಬುದು ನನ್ನ ಅಭಿಪ್ರಾಯ.

2000ರ ದಶಕದ ಮಧ್ಯದಲ್ಲಿ ಹಾರ್ನಡಿ ಎಂಬ ಅಮೆರಿಕದ ಕಂಪೆನಿಯು ಲಿವರ್ ಕೋವಿಗಳಿಗೆಂದೇ ಒಂದು ಮೊನಚು ಗುಂಡನ್ನು ತಂದಿತು. ಅದರ ತುದಿ ರಬ್ಬರಿನಂತೆ ಬಾಗುವ ಮೆತ್ತನೆಯ ಪಾಲಿಮರಿನದು. ಕೊಳವೆಯಲ್ಲಿ ಒತ್ತಡ ಬಿದ್ದಾಗ ತುದಿಯು ತಗ್ಗಿ ಮತ್ತೆ ಮೊದಲಿನಂತೆ ನಿಲ್ಲುತ್ತದೆ. ಅದು ನಿಜವಾಗಿಯೂ ಒಳ್ಳೆಯ ಉಪಾಯ. ಆದರೆ ಅದೇ ಕಂಪೆನಿಯ ಬೇರೆ ಗುಂಡುಗಳಿಗೆ ಗಟ್ಟಿ ಪ್ಲಾಸ್ಟಿಕ್ಕಿನ ತುದಿಯಿದೆ, ಅದರ ಬಣ್ಣವೂ ಕೆಂಪು. ಕೆಂಪು ತುದಿ ಕಂಡಿತೆಂದು ಕೊಳವೆಗೆ ತುಂಬಿದರೆ ಮತ್ತೆ ಅದೇ ಗಂಡಾಂತರ. ಉಗುರಿನಿಂದ ಒತ್ತಿದರೆ ಮೆತ್ತನೆಯದು ಬಾಗುತ್ತದೆ, ಗಟ್ಟಿಯಾದುದು ಬಾಗುವುದಿಲ್ಲ. ಆದರೂ ಪೊಟ್ಟಣದ ಮೇಲೆ ಲಿವರ್ ಕೋವಿಯ ಕೊಳವೆಗೆ ಎಂದು ಬರೆದಿದೆಯೇ ಎಂಬುದೇ ಕೊನೆಯ ಮಾತಾಗಬೇಕು. ಮೊನಚು ಗುಂಡೇ ಇದ್ದರೆ ನಳಿಗೆಯಲ್ಲಿ ಒಂದು, ಕೊಳವೆಯಲ್ಲಿ ಒಂದು, ಹೀಗೆ ಎರಡೇ ಇಟ್ಟುಕೊಂಡರೆ ಸಾಕೆಂಬ ಹಳೆಯ ರೂಢಿಯೊಂದಿದೆ. ಮೂತಿಯ ಮುಂದೆ ಇನ್ನೊಂದು ಕೇಪು ಇಲ್ಲದಿರುವುದರಿಂದ ಲೆಕ್ಕವೇನೋ ಸರಿಯೇ. ಆದರೆ ಕತ್ತಲಲ್ಲಿ, ಹಂದಿಯ ಸದ್ದು ಕೇಳುತ್ತಿರುವಾಗ, ಜೇಬಿನಿಂದ ಮೂರನೆಯದನ್ನು ನೂಕುವ ಕೈಯನ್ನು ತಡೆಯುವವರು ಯಾರು? ನಾನು ಆ ರೂಢಿಯನ್ನು ಯಾರಿಗೂ ಹೇಳಿಕೊಡುವುದಿಲ್ಲ.

ಮೂತಿಯ ನಂತರ ನೋಡಬೇಕಾದದ್ದು ಕೇಪಿನ ಮಟ್ಟ ಮತ್ತು ಕೇಸಿನ ಕತ್ತು. ಕೇಪು ತೋಟೆಯ ಬೆನ್ನಿನಿಂದ ಒಂದಿಷ್ಟು ಒಳಗೆ ಇರಬೇಕು. ಬೆರಳಾಡಿಸಿದಾಗ ಉಬ್ಬಿದಂತೆ ತಾಗಿದರೆ ಚಪ್ಪಟೆ ಮೂತಿಯೂ ಅದನ್ನು ಒತ್ತಬಲ್ಲುದು. ಗುಂಡಿನ ಮೈಯಲ್ಲಿರುವ ಗೆರೆಯೊಳಕ್ಕೆ ಕೇಸಿನ ಕತ್ತನ್ನು ಬಿಗಿಯಾಗಿ ಮಡಚಿರಬೇಕು, ಇಲ್ಲವಾದರೆ ಸ್ಪ್ರಿಂಗಿನ ಒತ್ತಡಕ್ಕೂ ಒದೆತಕ್ಕೂ ಗುಂಡು ಕೇಸಿನೊಳಗೆ ಕುಸಿಯುತ್ತದೆ. ಒಳಗಿನ ಜಾಗ ಕಿರಿದಾದರೆ ಮದ್ದಿನ ಒತ್ತಡ ಏರುತ್ತದೆ. .30-30 ತೋಟೆಯ ಒಟ್ಟು ಉದ್ದ 64.8 ಮಿಲಿಮೀಟರಿಗಿಂತ ಹೆಚ್ಚಿರಬಾರದು. ಅಣ್ಣನ ನಾಲ್ಕು ತೋಟೆಗಳನ್ನು ಅವನೆದುರಿಗೇ ವರ್ನಿಯರಿನಲ್ಲಿ ಅಳೆದಾಗ ಒಂದಕ್ಕೂ ಇನ್ನೊಂದಕ್ಕೂ ಅರ್ಧ ಮಿಲಿಮೀಟರಿಗೂ ಮಿಕ್ಕಿದ ವ್ಯತ್ಯಾಸ ಬಂದಿತು. ಕೈಯಲ್ಲಿ ತುಂಬಿಸಿದ ತೋಟೆಯ ಲಕ್ಷಣವದು. ಲೈಸೆನ್ಸ್ ಇಲ್ಲದೆ ತೋಟೆ ತಯಾರಿಸುವುದು 1959ರ ಆಯುಧ ಕಾಯ್ದೆಯಂತೆ ಅಪರಾಧ ಎಂಬುದು ಒಂದು ಕಡೆ. ಅದನ್ನು ತುಂಬಿದವನು ಯಾರು, ಯಾವ ಕೋವಿಗಾಗಿ, ಎಷ್ಟು ಮದ್ದು ಹಾಕಿದನು ಎಂಬುದು ಇನ್ನೊಬ್ಬನಿಗೆ ತಿಳಿಯಲು ಸಾಧ್ಯವೇ ಇಲ್ಲ ಎಂಬುದು ಇನ್ನೊಂದು ಕಡೆ.

ಒತ್ತಡದ ಮಾತು ಬಂದುದರಿಂದ ಒಂದನ್ನು ಸೇರಿಸುತ್ತೇನೆ. ತೋಟೆಯ ಹೆಸರು ಒಂದೇ ಆದರೂ ಕೋವಿಯ ವಯಸ್ಸು ಬೇರೆಯಿದ್ದರೆ ಎಲ್ಲ ತೋಟೆಯೂ ಎಲ್ಲ ಕೋವಿಗೂ ಸಲ್ಲದು. 1873ರ ಮಾದರಿಯು ಕರಿಮದ್ದಿನ ಕಾಲದ್ದು. ಅದರ ಬೀಗವು 1892ರ ಮಾದರಿಯಷ್ಟು ಗಟ್ಟಿಯಿಲ್ಲದ ಕಾರಣ, ಹಿಂದೆ .44-40ರಲ್ಲಿಯೇ ಹೆಚ್ಚು ವೇಗದ ತೋಟೆಗಳನ್ನು ಮಾರುವಾಗ ಅವನ್ನು 1873ರ ಕೋವಿಗೆ ಹಾಕಬಾರದೆಂದು ತಯಾರಕರೇ ಎಚ್ಚರಿಸುತ್ತಿದ್ದರು. .45-70 ಎಂಬ ತೋಟೆಯಲ್ಲಂತೂ ಹಳೆಯ ಕೋವಿಗೆ ಸೌಮ್ಯ ತೋಟೆ, ಹೊಸ ಲಿವರ್ ಕೋವಿಗೆ ಖಾರದ ತೋಟೆ ಎಂದು ಬೇರೆಬೇರೆಯಾಗಿಯೇ ಇವೆ.

ನಮ್ಮ ಹವೆಯ ವಿಷಯವನ್ನು ಬೇರೆ ದೇಶದವರು ಬರೆದ ಯಾವ ಕೈಪಿಡಿಯೂ ಸಾಕಷ್ಟು ಹೇಳುವುದಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರು ನಮ್ಮದು. ಜೂನ್‌ನಿಂದ ಸೆಪ್ಟೆಂಬರ್ ತನಕ ಮನೆಯೊಳಗಿನ ಉಪ್ಪೂ ನೀರಾಗುತ್ತದೆ. ಅಜ್ಜನ ಚರ್ಮದ ಪಟ್ಟಿಯಲ್ಲಿ ಸಿಕ್ಕಿಸಿಟ್ಟ ತೋಟೆಗಳು ಚರ್ಮ ಹದ ಮಾಡಿದ ರಸಕ್ಕೆ ಹಸಿರು ಕಿಲುಬು ಹಿಡಿದು ಪಟ್ಟಿಗೇ ಅಂಟಿಕೊಂಡಿದ್ದವು. ಅದಕ್ಕಿಂತ ಗಂಭೀರವಾದುದು ಹಟ್ಟಿಯ, ಅಂದರೆ ದನದ ಕೊಟ್ಟಿಗೆಯ, ವಾಸನೆ. ಬ್ರಿಟಿಷರ ಕಾಲದಲ್ಲಿ ಇಂಡಿಯಾದ ಸೈನ್ಯವು ಮಳೆಗಾಲದಲ್ಲಿ ತೋಟೆಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದಾಗ ಹಿತ್ತಾಳೆಯ ಕೇಸುಗಳು ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕುದುರೆಯ ಮೂತ್ರದಿಂದ ಏಳುವ ಅಮೋನಿಯವು, ಎಳೆದು ರೂಪಿಸುವಾಗ ಹಿತ್ತಾಳೆಯಲ್ಲಿ ಉಳಿದುಹೋದ ಬಿಗಿತದೊಂದಿಗೆ ಸೇರಿ ಅದನ್ನು ಸೀಳುತ್ತದೆ ಎಂಬುದು 1921ರಲ್ಲಿ ವಿವರವಾಗಿ ತಿಳಿದುಬಂದಿತು. ಲೋಹಶಾಸ್ತ್ರದ ಪಾಠದಲ್ಲಿ ಇದನ್ನು ನಾನು ವರ್ಷವರ್ಷವೂ ಹುಡುಗರಿಗೆ ಹೇಳುತ್ತಾ ಬಂದಿದ್ದೇನೆ. ಆದರೂ ಅಣ್ಣನ ಕಪಾಟಿನ ಗೋಡೆಯ ಆಚೆಗೇ ಹಟ್ಟಿಯಿದೆ ಎಂಬುದು ಹೊಳೆದುದು ಆ ರಾತ್ರಿಯೇ. ಅಮೋನಿಯವಿರುವ ಪಾಲಿಶಿನಿಂದ ತೋಟೆಯನ್ನು ತಿಕ್ಕಿ ಹೊಳೆಯಿಸುವುದೂ ಅಷ್ಟೇ ಕೆಟ್ಟದ್ದು. ತುಕ್ಕು ಬಾರದಿರಲೆಂದು ತೋಟೆಗೆ ಎಣ್ಣೆ ಸಿಂಪಡಿಸಿದರೆ ಅದು ಕೇಪಿನ ಸಂದಿನಿಂದ ಒಳಗಿಳಿದು ಲೇಪವನ್ನು ಸಾಯಿಸಬಹುದು. ಕತ್ತಿನ ಬಳಿ ಕೂದಲಿನಂತಹ ಗೀರು ಕಂಡ ತೋಟೆಯನ್ನು, ಕೇಪಿನ ಸುತ್ತ ಹಸಿರು ಉಂಗುರ ಕಂಡ ತೋಟೆಯನ್ನು ಮತ್ತೆ ಕೋವಿಗೆ ತುಂಬಬಾರದು. ಕುದುರೆ ಬಿದ್ದರೂ ಈಡು ಹಾರದೆ ಹೋದರೆ ನಳಿಗೆಯನ್ನು ಜನರಿಲ್ಲದ ದಿಕ್ಕಿಗೆ ಹಿಡಿದುಕೊಂಡೇ ಕನಿಷ್ಠ ಅರ್ಧ ನಿಮಿಷ ಕಾದ ಮೇಲೆ ಲಿವರ್ ತೆರೆಯಬೇಕು.

2022ರ ಮೇ ತಿಂಗಳಲ್ಲಿ ಕೇರಳ ಸರಕಾರವು ಕಾಡುಹಂದಿಯ ವಿಷಯದಲ್ಲಿ ಪಂಚಾಯತ್ ಅಧ್ಯಕ್ಷರಿಗೆ ಅಧಿಕಾರ ಕೊಟ್ಟಂದಿನಿಂದ ಲೈಸೆನ್ಸ್ ಇರುವ ಕೋವಿಗಳು ಕಪಾಟಿನಿಂದ ಹೊರಬಂದಿವೆ. ಬೆಳೆ ಕಳೆದುಕೊಂಡವರ ಸಂಕಟ ನನಗೆ ಗೊತ್ತು. ಒಂದೇ ರಾತ್ರಿಯಲ್ಲಿ ಮರಗೆಣಸಿನ ಇಡೀ ಪಾತಿಯನ್ನು ಉತ್ತು ಹಾಕಿದ್ದನ್ನು ನಮ್ಮ ಮನೆಯಲ್ಲಿಯೇ ನೋಡಿದ್ದೇನೆ. ಹಾಗಾಗಿಯೇ, ಹತ್ತಾರು ವರ್ಷ ಮಲಗಿದ್ದ ಕೋವಿಗೆ ಸಿಕ್ಕಿದ ತೋಟೆಯನ್ನು ತುಂಬಿ ಹೊರಡುವ ಅವಸರವನ್ನು ಕಂಡರೆ ಭಯವಾಗುತ್ತದೆ. ಹೊರಡುವ ಮೊದಲು ಕೊಳವೆಯೊಳಗಿನ ಸ್ಪ್ರಿಂಗ್ ಸರಾಗವಾಗಿ ಆಡುತ್ತದೆಯೇ ಎಂದು ಬಲ್ಲವರಿಂದ ನೋಡಿಸಬೇಕು. ಕೊಳವೆ ತುಂಬಿರುವಾಗ ಕೋವಿಯನ್ನು ನೆಲಕ್ಕೆ ಕುಕ್ಕಿ ಇಡಬಾರದು, ಜೀಪಿನಲ್ಲಿ ತುಂಬಿದ ಕೋವಿಯನ್ನು ಒಯ್ಯಲೇಬಾರದು.

ಮರುದಿನ ಬೆಳಗ್ಗೆ ಅಣ್ಣನೂ ನಾನೂ ಉಳಿದಿದ್ದ ಮೊನಚು ತೋಟೆಗಳನ್ನು ಎಣಿಸಿ, ಗುಳಿ ಬಿದ್ದ ಎರಡನ್ನು ಬೇರೆಯಾಗಿ ಹತ್ತಿಯಲ್ಲಿ ಸುತ್ತಿ, ಲೈಸೆನ್ಸ್ ಪುಸ್ತಕದೊಂದಿಗೆ ಠಾಣೆಗೆ ಒಯ್ದು ಒಪ್ಪಿಸಿ ರಶೀದಿ ಪಡೆದೆವು. ಮನೆಯಲ್ಲಿ ಹಳೆಯ ಕಾರ್ಖಾನೆಯ ಪೊಟ್ಟಣದ್ದು ಒಂಬತ್ತು ಉಳಿದಿದ್ದವು. ಒಂದೊಂದನ್ನೂ ಹಗಲು ಬೆಳಕಿನಲ್ಲಿ ತಿರುಗಿಸಿ ನೋಡಿದೆವು. ಮೂತಿ ಚಪ್ಪಟೆ, ಕೇಪು ಒಳಗೆ, ಕತ್ತು ಬಿಗಿ. ಎರಡರಲ್ಲಿ ಕಿಲುಬು ಕಂಡುದರಿಂದ ಅವನ್ನೂ ಬದಿಗಿಟ್ಟೆವು. ಉಳಿದ ಏಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣದೊಂದಿಗೆ ಹಾಕಿ, ಹಟ್ಟಿಯ ಬದಿಯ ಕಪಾಟನ್ನು ಬಿಟ್ಟು ಮಾಳಿಗೆಯ ಬೀಗದ ಪೆಟ್ಟಿಗೆಯಲ್ಲಿ ಇಟ್ಟೆವು. ಡಬ್ಬಿಯ ಮೇಲೆ ಅಣ್ಣನು ಶಾಯಿ ಪೆನ್ನಿನಿಂದ ದೊಡ್ಡ ಅಕ್ಷರಗಳಲ್ಲಿ ಬರೆದನು: ಚಪ್ಪಟೆ ಮೂತಿ, ಏಳು, ಕೊಳವೆಗೆ ಇದು ಮಾತ್ರ.